ತೊಗಟೆಯಲ್ಲಿರುವುದೂ ಡ್ರಿಪ್ಪಿನಲ್ಲಿರುವುದೂ ಒಂದೇ ಅಲ್ಲವೇ?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಹಳ್ಳಿ. ಅಮ್ಮನಿಗೆ 54 ವರ್ಷ. ಎರಡು ತಿಂಗಳ ಹಿಂದೆ ಎಡಸ್ತನದ ಗಡ್ಡೆಯನ್ನು ಆಪರೇಷನ್ ಮಾಡಿ ತೆಗೆದರು. ಗಡ್ಡೆ 2 ಸೆಂಟಿಮೀಟರಿನೊಳಗೇ ಇತ್ತು, ಕಂಕುಳಿನ ಗ್ರಂಥಿಗಳಿಗೆ ಹರಡಿಲ್ಲ, ಆದರೆ ‘ಹರ್-2 ಪಾಸಿಟಿವ್’ ಎಂದು ರಿಪೋರ್ಟ್ ಬಂದಿದೆ. ವಾರಕ್ಕೊಮ್ಮೆಯಂತೆ 12 ವಾರ ಪ್ಯಾಕ್ಲಿಟ್ಯಾಕ್ಸೆಲ್, ಜೊತೆಗೆ ಒಂದು ವರ್ಷ ಟ್ರಾಸ್ಟುಜುಮ್ಯಾಬ್ ಎಂದು ಹೇಳಿದ್ದಾರೆ. ಐದು ವಾರ ಮುಗಿದಿದೆ. ಕೂದಲು ಉದುರಿದೆ, ಬೆರಳ ತುದಿಗಳು ಜೋಮು ಹಿಡಿದಂತೆ ಇರುತ್ತವೆ, ರವಿಕೆಯ ಗುಂಡಿ ಹಾಕಿಕೊಳ್ಳುವುದಕ್ಕೂ ಆಗುವುದಿಲ್ಲ. ಮೊನ್ನೆ ಸೋದರಮಾವ ಒಂದು ಪೊಟ್ಟಣ ಮರದ ಚಕ್ಕೆ ತಂದುಕೊಟ್ಟು, ಕುದಿಸಿ ಎರಡು ಹೊತ್ತು ಕುಡಿಸಲು ಹೇಳಿದ್ದಾರೆ. ‘ಇಂಗ್ಲಿಷ್ ಔಷಧಿಯನ್ನೂ ನಮ್ಮ ಕಾಡಿನ ಮರದಿಂದಲೇ ಮಾಡುತ್ತಾರೆ, ಮೂಲವೇ ಇಲ್ಲಿರುವಾಗ ಡ್ರಿಪ್ ಯಾಕೆ’ ಎಂಬುದು ಅವರ ಮಾತು. ಗಿಡದ್ದಾದರೆ ಸೈಡ್ ಎಫೆಕ್ಟ್ ಇಲ್ಲವೇ? ಎರಡನ್ನೂ ಒಟ್ಟಿಗೆ ಕೊಡಬಹುದೇ? ‘ಟಾರ್ಗೆಟೆಡ್’ ಎನ್ನುತ್ತಾರಲ್ಲ, ಗಿಡದ ಔಷಧಿ ಆ ಜಾತಿಯದೇ? ಡಾಕ್ಟರನ್ನು ಕೇಳಿದರೆ ಬೈಯುತ್ತಾರೆಂಬ ಹೆದರಿಕೆ.

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವಿದ್ದರೂ ಅವುಗಳ ಅಡಿಯಲ್ಲಿರುವ ಕಳವಳ ಒಂದೇ ಎಂದು ನನಗೆ ತೋರುತ್ತದೆ. ಮನೆಯ ಹಿಂದಿನ ಕಾನಿನಲ್ಲಿ ಸುಲಭವಾಗಿ ಸಿಗುವುದನ್ನು ಬಿಟ್ಟು, ಅಮ್ಮನನ್ನು ವಾರವಾರವೂ ಬಸ್ಸಿನಲ್ಲಿ ಕರೆದೊಯ್ದು ನೋಯಿಸುತ್ತಿದ್ದೇವೆಯೇ ಎಂಬುದು ಆ ಕಳವಳ. ಶಿವಮೊಗ್ಗದಲ್ಲಿ ಕ್ಯಾನ್ಸರ್ ರೋಗಿಗಳನ್ನು ನೋಡುವ ವೈದ್ಯನಾಗಿ ಈ ಪ್ರಶ್ನೆಯನ್ನು ನಾನು ಬಹಳ ಸಲ ಕೇಳಿದ್ದೇನೆ. ಹೆಚ್ಚಿನವರು ಹೊರಡುವಾಗ ಬಾಗಿಲ ಬಳಿ ನಿಂತು, ದನಿ ತಗ್ಗಿಸಿ ಕೇಳುತ್ತಾರೆ. ನೀವು ನೇರವಾಗಿ ಕೇಳಿದ್ದೀರಿ, ನಾನೂ ನೇರವಾಗಿಯೇ ಹೇಳುತ್ತೇನೆ. ಆ ಚಕ್ಕೆಯನ್ನು ಕುಡಿಸಬೇಡಿ. ಆದರೆ ಮಾವ ಹೇಳಿದ್ದರಲ್ಲಿ ನಿಜದ ಅಂಶವೂ ಇರುವುದರಿಂದ, ಯಾಕೆ ಬೇಡ ಎಂಬುದನ್ನು ಬಿಡಿಸಿ ಹೇಳಬೇಕಾಗಿದೆ.

ನಮ್ಮ ಘಟ್ಟದ ಕಾನುಗಳಲ್ಲಿ ದುರ್ವಾಸನೆ ಮರ ಎಂಬ ಚಿಕ್ಕ ಮರವೊಂದಿದೆ. ಹೂವು ಕೆಟ್ಟ ವಾಸನೆ ಬೀರುವುದರಿಂದ ಆ ಹೆಸರು. ಸಸ್ಯಶಾಸ್ತ್ರದಲ್ಲಿ ಅದು ನೊತಾಪೊಡೈಟಿಸ್ ನಿಮ್ಮೋನಿಯಾನ. ಅದರ ಬೇರು ಮತ್ತು ತೊಗಟೆಯಲ್ಲಿ ಕ್ಯಾಂಪ್ಟೊತೆಸಿನ್ ಎಂಬ ವಸ್ತುವಿದೆ. ಈ ವಸ್ತುವನ್ನು 1966ರಲ್ಲಿ ಚೀನಾ ಮೂಲದ ಬೇರೊಂದು ಮರದಿಂದ ಅಮೆರಿಕದ ಮನ್ರೋ ವಾಲ್ ಮತ್ತು ಮಹಾರಾಷ್ಟ್ರದ ನಂದುರ್ಬಾರ್‌ನಲ್ಲಿ ಹುಟ್ಟಿ ಅಲ್ಲಿಗೆ ಹೋಗಿ ನೆಲೆಸಿದ ಮನಸುಖ್ ವಾಣಿ ಬೇರ್ಪಡಿಸಿದರು. 1972ರಲ್ಲಿ ಟಿ. ಆರ್. ಗೋವಿಂದಾಚಾರಿ ಮತ್ತು ವಿಶ್ವನಾಥನ್ ಅದು ನಮ್ಮ ದುರ್ವಾಸನೆ ಮರದಲ್ಲೂ ಇದೆಯೆಂದು ತೋರಿಸಿದರು. ಆಮೇಲೆ ವಿದೇಶಕ್ಕೆ ಕಳಿಸುವ ಆಸೆಯಲ್ಲಿ ಮಹಾರಾಷ್ಟ್ರ, ಕರ್ನಾಟಕದ ಘಟ್ಟಗಳಲ್ಲಿ ಈ ಮರಗಳನ್ನು ಬುಡಸಮೇತ ಕಿತ್ತು ಸಾಗಿಸಿದ್ದು ನೋವಿನ ಸಂಗತಿ. ಹಾಗಾಗಿ ‘ನಮ್ಮ ಕಾಡಿನ ಮರದಿಂದ ಇಂಗ್ಲಿಷ್ ಔಷಧಿ’ ಎಂಬುದು ಕಟ್ಟುಕತೆಯಲ್ಲ.

ಅಮ್ಮನಿಗೆ ಕೊಡುತ್ತಿರುವ ಪ್ಯಾಕ್ಲಿಟ್ಯಾಕ್ಸೆಲ್ ಕೂಡ ಗಿಡದ್ದೇ. ಅಮೆರಿಕದ ಪಶ್ಚಿಮ ಕರಾವಳಿಯ ಯೂ ಮರದ ತೊಗಟೆಯನ್ನು 1962ರಲ್ಲಿ ಸಂಗ್ರಹಿಸಲಾಯಿತು. ಅದರೊಳಗಿನ ಅಣುವಿನ ರಚನೆಯನ್ನು 1971ರಲ್ಲಿ ಪ್ರಕಟಿಸಿದವರು ಇದೇ ವಾಲ್ ಮತ್ತು ವಾಣಿ. ಅದು ರೋಗಿಗಳ ಕೈಗೆ ಔಷಧವಾಗಿ ಬಂದದ್ದು 1992ರಲ್ಲಿ. ತೊಗಟೆ ಸುಲಿದ ದಿನಕ್ಕೂ ಔಷಧಕ್ಕೂ ನಡುವೆ 30 ವರ್ಷ. ಸುಮಾರು 10 ಟನ್ ತೊಗಟೆಗೆ 1 ಕಿಲೋ ಔಷಧ ಸಿಗುತ್ತಿದ್ದ ಕಾಲವದು. ಸುಲಿದ ಮರ ಸಾಯುತ್ತಿತ್ತು. ಮುಂದೆ ಯುರೋಪಿನ ಯೂ ಮರದ ಎಲೆಯಿಂದ ಅರ್ಧ ಸಿದ್ಧವಾದ ಅಣುವನ್ನು ತೆಗೆದು, ಉಳಿದರ್ಧವನ್ನು ಪ್ರಯೋಗಾಲಯದಲ್ಲಿ ಜೋಡಿಸುವ ವಿಧಾನ ಬಂದ ಮೇಲೆ ಮರ ಸಾಯಿಸುವ ಪ್ರಮೇಯ ತಪ್ಪಿತು. ಎಲೆ ಮತ್ತೆ ಚಿಗುರುತ್ತದೆ.

ಹಾಗಾದರೆ ಗಿಡ ಈ ವಸ್ತುಗಳನ್ನು ಯಾಕೆ ಮಾಡಿಕೊಳ್ಳುತ್ತದೆ? ನಮಗೆ ಔಷಧಿ ಕೊಡಲಿಕ್ಕಲ್ಲ. ಓಡಲಾಗದ ಜೀವ ತನ್ನನ್ನು ತಿನ್ನಲು ಬರುವ ಹುಳು, ಶಿಲೀಂಧ್ರ, ಪ್ರಾಣಿಗಳನ್ನು ದೂರವಿಡಲು ತಯಾರಿಸಿಕೊಂಡ ವಿಷ ಅದು ಎಂಬುದೇ ವಿಜ್ಞಾನಿಗಳ ಸಾಮಾನ್ಯ ತಿಳಿವಳಿಕೆ. ಗಿಡಮೂಲದ ಕ್ಯಾನ್ಸರ್ ಔಷಧಿಗಳಲ್ಲಿ ಬಹುಪಾಲು ಜೀವಕೋಶ ಎರಡಾಗಿ ಒಡೆಯುವ ಹೊತ್ತಿನಲ್ಲಿ ಅಡ್ಡಗಾಲು ಹಾಕುವಂಥವು. ಕೋಶ ಒಡೆಯುವಾಗ ಅದರೊಳಗೆ ಸೂಕ್ಷ್ಮನಾಳಗಳ ಒಂದು ಚಪ್ಪರ ಏಳುತ್ತದೆ. ವರ್ಣತಂತುಗಳನ್ನು ಎರಡು ಪಾಲು ಮಾಡಿ ಆಚೀಚೆ ಎಳೆದ ಮೇಲೆ ಆ ಚಪ್ಪರ ಬಿಚ್ಚಿಕೊಳ್ಳುತ್ತದೆ. ನಮ್ಮ ಅಂಗಳದ ಕಾಶಿ ಕಣಗಿಲೆಯಿಂದ ಬರುವ ವಿನ್‌ಕ್ರಿಸ್ಟೀನ್ ಚಪ್ಪರ ಏಳಗೊಡುವುದಿಲ್ಲ. ಪ್ಯಾಕ್ಲಿಟ್ಯಾಕ್ಸೆಲ್ ಎದ್ದ ಚಪ್ಪರವನ್ನು ಬಿಚ್ಚಗೊಡುವುದಿಲ್ಲ. ಇದನ್ನು 1979ರಲ್ಲಿ ಸೂಸನ್ ಹಾರ್ವಿಟ್ಜ್ ತೋರಿಸಿಕೊಟ್ಟರು. ಕ್ಯಾಂಪ್ಟೊತೆಸಿನ್ ದಾರಿ ಬೇರೆ. ಡಿಎನ್‌ಎಯ ಸಿಕ್ಕು ಬಿಡಿಸಲು ಒಂದು ಕಿಣ್ವ ಅದರ ಒಂದು ಎಳೆಯನ್ನು ಕ್ಷಣಕಾಲ ಕತ್ತರಿಸಿ ಮತ್ತೆ ಬೆಸೆಯುತ್ತದೆ. ಕತ್ತರಿಸಿದ ಹೊತ್ತಿನಲ್ಲೇ ಈ ಅಣು ಹೋಗಿ ಸಿಕ್ಕಿಕೊಂಡು ಬೆಸುಗೆಯನ್ನು ತಡೆಯುತ್ತದೆ.

ಅಮ್ಮನ ಕೂದಲು ಉದುರಿದ್ದಕ್ಕೂ ಬೆರಳು ಜೋಮು ಹಿಡಿದದ್ದಕ್ಕೂ ಕಾರಣ ಇಲ್ಲಿಯೇ ಇದೆ. ಕೂದಲ ಬುಡದ ಕೋಶಗಳೂ ಬೇಗ ಬೇಗ ಒಡೆಯುತ್ತವೆ, ಪ್ಯಾಕ್ಲಿಟ್ಯಾಕ್ಸೆಲ್‌ಗೆ ಅವುಗಳಿಗೂ ಕ್ಯಾನ್ಸರ್ ಕೋಶಕ್ಕೂ ನಡುವಿನ ವ್ಯತ್ಯಾಸ ತಿಳಿಯುವುದಿಲ್ಲ. ನರಗಳ ಕತೆ ಇನ್ನೊಂದು. ಬೆನ್ನುಹುರಿಯ ಪಕ್ಕದಿಂದ ಬೆರಳ ತುದಿಯವರೆಗೆ ಚಾಚಿಕೊಂಡ ಒಂದೊಂದು ನರದೊಳಗೂ ಅದೇ ಸೂಕ್ಷ್ಮನಾಳಗಳು ಹಳಿಗಳಂತೆ ಹಾಸಿಕೊಂಡಿರುತ್ತವೆ. ನರಕ್ಕೆ ಬೇಕಾದ ಸಾಮಗ್ರಿ ಅದರ ಮೇಲೆಯೇ ಸಾಗಬೇಕು. ಹಳಿ ಕೆಟ್ಟಾಗ ಮೊದಲು ತೊಂದರೆಯಾಗುವುದು ದೂರದ ತುದಿಗಳಿಗೆ, ಅಂದರೆ ಕಾಲ್ಬೆರಳು ಮತ್ತು ಕೈಬೆರಳುಗಳಿಗೆ. ಔಷಧದ ಗುಣ ಮತ್ತು ಸೈಡ್ ಎಫೆಕ್ಟ್ ಎರಡೂ ಒಂದೇ ಮೂಲದಿಂದ ಬಂದವು. ಗಿಡದ್ದಾದ್ದರಿಂದ ತೊಂದರೆ ಇಲ್ಲ ಎನ್ನುವ ಮಾತಿಗೆ ನಿಮ್ಮ ಅಮ್ಮನ ಬೆರಳುಗಳೇ ಉತ್ತರ ಹೇಳುತ್ತಿವೆ.

ಈಗ ‘ಟಾರ್ಗೆಟೆಡ್’ ಎಂಬ ಮಾತಿಗೆ ಬರೋಣ. ಕ್ಯಾನ್ಸರ್ ಕೋಶದಲ್ಲಿರುವ, ಅಥವಾ ಅದರಲ್ಲಿ ವಿಪರೀತವಾಗಿ ಹೆಚ್ಚಿರುವ ಒಂದು ನಿರ್ದಿಷ್ಟ ಪ್ರೊಟೀನನ್ನು ಗುರುತು ಹಿಡಿದು ಅದರ ಮೇಲೆ ಕೆಲಸ ಮಾಡುವ ಔಷಧಕ್ಕೆ ಟಾರ್ಗೆಟೆಡ್ ಎನ್ನುತ್ತೇವೆ. ಸ್ತನ ಕ್ಯಾನ್ಸರುಗಳಲ್ಲಿ ನೂರಕ್ಕೆ 15ರಿಂದ 20ರಷ್ಟರಲ್ಲಿ ಕೋಶದ ಮೈಮೇಲೆ ಹರ್-2 ಎಂಬ ಪ್ರೊಟೀನ್ ಅತಿಯಾಗಿ ಬೆಳೆದಿರುತ್ತದೆ. ಟ್ರಾಸ್ಟುಜುಮ್ಯಾಬ್ ಹೋಗಿ ಅಂಟಿಕೊಳ್ಳುವುದು ಅದಕ್ಕೆ. ಅಮೆರಿಕದಲ್ಲಿ ಅದಕ್ಕೆ 1998ರಲ್ಲಿ ಒಪ್ಪಿಗೆ ಸಿಕ್ಕಿತು. ಅದು ಗಿಡದ್ದಲ್ಲ, ಪ್ರಯೋಗಾಲಯದಲ್ಲಿ ಜೀವಕೋಶಗಳನ್ನು ಬೆಳೆಸಿ ತಯಾರಿಸುವ ಪ್ರತಿಕಾಯ, ಅಂದರೆ ಒಂದು ಗುರಿಗಷ್ಟೇ ಅಂಟಿಕೊಳ್ಳುವ ಪ್ರೊಟೀನ್. ಹೀಗೆ ನೋಡಿದರೆ ಅಮ್ಮನ ಚಿಕಿತ್ಸೆಯಲ್ಲಿ ಪ್ಯಾಕ್ಲಿಟ್ಯಾಕ್ಸೆಲ್ ಗಿಡದ್ದು ಆದರೆ ಟಾರ್ಗೆಟೆಡ್ ಅಲ್ಲ; ಟ್ರಾಸ್ಟುಜುಮ್ಯಾಬ್ ಟಾರ್ಗೆಟೆಡ್ ಆದರೆ ಗಿಡದ್ದಲ್ಲ. ಎರಡೂ ಒಟ್ಟಿಗೆ ಕೆಲಸ ಮಾಡುತ್ತಿವೆ.

ಗಿಡದ ಅಣುವೇ ಗುರಿ ಹಿಡಿದ ಉದಾಹರಣೆ ಇಲ್ಲವೇ ಎಂದರೆ, ಇದೆ. ಪಶ್ಚಿಮ ಘಟ್ಟದಲ್ಲಿ ಬೆಳೆಯುವ ಡಿಸಾಕ್ಸಿಲಮ್ ಬೈನೆಕ್ಟರಿಫೆರಮ್ ಎಂಬ ಮರದಲ್ಲಿ ರೋಹಿಟುಕಿನ್ ಎಂಬ ಅಣು ಸಿಕ್ಕಿತು. ಅದನ್ನು ತಿದ್ದಿ ಮಾಡಿದ ಫ್ಲೇವೊಪಿರಿಡಾಲ್, ಕೋಶ ಒಡೆಯಲು ಅಪ್ಪಣೆ ಕೊಡುವ ಸಿಡಿಕೆ ಎಂಬ ಕಿಣ್ವಗಳನ್ನೇ ತಡೆಯುತ್ತದೆ. ಈ ಬಗೆಯ ಔಷಧಗಳಲ್ಲಿ ಮನುಷ್ಯರ ಮೇಲೆ ಮೊದಲು ಪರೀಕ್ಷೆಗೆ ಹೋದದ್ದು ಅದೇ. ಆದರೂ ವರ್ಷಗಟ್ಟಲೆ ಪರೀಕ್ಷಿಸಿದ ಮೇಲೆಯೂ ಅದು ಮಾರುಕಟ್ಟೆಯ ಔಷಧವಾಗಲಿಲ್ಲ. ಗುರಿ ಸರಿಯಿದ್ದ ಮಾತ್ರಕ್ಕೆ ರೋಗಿಗೆ ಗುಣವಾಗುವುದಿಲ್ಲ.

ಹೆಚ್ಚು ಫಲ ಕೊಟ್ಟ ದಾರಿ ಇನ್ನೊಂದಿದೆ. ಕ್ಯಾಂಪ್ಟೊತೆಸಿನ್ನನ್ನು ನೀರಿನಲ್ಲಿ ಕರಗುವ ಸೋಡಿಯಂ ಲವಣವಾಗಿ ಮಾಡಿ 1970ರ ದಶಕದ ಆರಂಭದಲ್ಲಿ ರೋಗಿಗಳಿಗೆ ಕೊಟ್ಟು ನೋಡಿದರು. ಮೂತ್ರದಲ್ಲಿ ರಕ್ತ ಬಂತು, ಬಿಳಿ ರಕ್ತಕಣ ಕುಸಿಯಿತು, ಭೇದಿಯಾಯಿತು, ಪ್ರಯೋಗವನ್ನು ನಿಲ್ಲಿಸಬೇಕಾಯಿತು. ಆ ಅಣುವಿನ ರಚನೆಯನ್ನು ತಿದ್ದಿ ಮಾಡಿದ ಟೊಪೊಟಿಕಾನ್ ಮತ್ತು ಇರಿನೊಟಿಕಾನ್‌ಗೆ 1996ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಇಂದಿಗೂ ಕರುಳಿನ ಕ್ಯಾನ್ಸರಿಗೆ ಇರಿನೊಟಿಕಾನನ್ನು ನಾನು ಬರೆಯುತ್ತೇನೆ. ಆ ಬಳಿಕ ವಿಜ್ಞಾನಿಗಳು ಇನ್ನೂ ಮುಂದೆ ಹೋಗಿ, ಈ ವಿಷವನ್ನು ಪ್ರತಿಕಾಯದ ಬೆನ್ನಿಗೆ ಕಟ್ಟಿ ಕಳಿಸಿದರು. ಟ್ರಾಸ್ಟುಜುಮ್ಯಾಬ್ ಡೆರುಕ್ಸ್‌ಟೆಕಾನ್ ಎಂಬ ಔಷಧದಲ್ಲಿ ಹರ್-2 ಹುಡುಕುವ ಅದೇ ಪ್ರತಿಕಾಯಕ್ಕೆ ಕ್ಯಾಂಪ್ಟೊತೆಸಿನ್ ಕುಲದ ಸುಮಾರು 8 ಅಣುಗಳನ್ನು ಪೋಣಿಸಿರುತ್ತಾರೆ. ಪ್ರತಿಕಾಯ ವಿಳಾಸ ಹುಡುಕಿ ಕೋಶದೊಳಗೆ ಇಳಿಯುತ್ತದೆ, ಅಲ್ಲಿ ದಾರ ಕಡಿದು ವಿಷ ಬಿಡುಗಡೆಯಾಗುತ್ತದೆ. ಇದಕ್ಕೆ 2019ರ ಕೊನೆಯಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಮರು ವರ್ಷ ಇರಿನೊಟಿಕಾನ್‌ನ ಸಕ್ರಿಯ ರೂಪವನ್ನು ಹೊತ್ತ ಸ್ಯಾಸಿಟುಜುಮ್ಯಾಬ್ ಗೋವಿಟಿಕಾನ್ ಬಂತು.

ಇದಕ್ಕೂ ಮೊದಲು, 2013ರಲ್ಲಿ ಬಂದ ಟಿ-ಡಿಎಂ1 ಎಂಬ ಔಷಧದ ವಿಷ ಆಫ್ರಿಕಾದ ಪೊದೆಯೊಂದರಲ್ಲಿ 1972ರಲ್ಲಿ ಕಂಡ ಮೇಟನ್ಸಿನ್ ಕುಲದ್ದು. ಆ ಮೇಟನ್ಸಿನ್ ಕೂಡ ಬರಿದಾಗಿ ಕೊಟ್ಟಾಗ ತಾಳಲಾರದಷ್ಟು ಉಗ್ರವೆಂದು ಮೂಲೆಗೆ ಬಿದ್ದಿತ್ತು. ವಿಳಾಸ ಸಿಕ್ಕ ಮೇಲೆ ಅದೇ ಔಷಧವಾಯಿತು. ಅಷ್ಟಾದರೂ ಅಪಾಯ ಪೂರ್ತಿ ಹೋಗಿಲ್ಲ. ಡೆರುಕ್ಸ್‌ಟೆಕಾನ್‌ನಿಂದ ಕೆಲವರ ಶ್ವಾಸಕೋಶದಲ್ಲಿ ಗಂಭೀರ ಉರಿಯೂತ ಬರುತ್ತದೆ, ಒಣಕೆಮ್ಮು ಶುರುವಾದರೂ ಔಷಧ ನಿಲ್ಲಿಸಿ ಸ್ಕ್ಯಾನ್ ಮಾಡಬೇಕಾಗುತ್ತದೆ. ಕಾಯಿಲೆ ಹರಡಿದವರಿಗೆ ಅಥವಾ ಮರಳಿ ಬಂದವರಿಗೆ ಇವು ದೊಡ್ಡ ಆಸರೆ. ನಿಮ್ಮ ಅಮ್ಮನಿಗೆ ಈ ಹಂತದಲ್ಲಿ ಇವುಗಳ ಅಗತ್ಯವಿಲ್ಲ. ಬೆಲೆ ಮಾತ್ರ ಇನ್ನೂ ಸಾಮಾನ್ಯ ಕುಟುಂಬದ ಕೈಗೆಟುಕುವಂಥದ್ದಲ್ಲ. 2024ರ ಜುಲೈ ಬಜೆಟ್ಟಿನಲ್ಲಿ ಡೆರುಕ್ಸ್‌ಟೆಕಾನ್‌ ಮೇಲಿನ ಆಮದು ಸುಂಕವನ್ನು ತೆಗೆದದ್ದು ಅಷ್ಟರಮಟ್ಟಿಗೆ ಒಳ್ಳೆಯದಾಯಿತು.

ಇಷ್ಟು ಉದ್ದಕ್ಕೆ ಹೇಳಿದ್ದು ಯಾಕೆಂದರೆ, ಮಾವನ ‘ಮೂಲವೇ ಇಲ್ಲಿರುವಾಗ’ ಎಂಬ ಮಾತಿಗೆ ಉತ್ತರ ಇದರೊಳಗಿದೆ. ಗಿಡ ಕೊಟ್ಟದ್ದು ವಿಷವನ್ನು. ಅದಕ್ಕೆ ಅಳತೆ ಹಾಕಿದ್ದು, ವಿಳಾಸ ಬರೆದದ್ದು ನಂತರದ ಕೆಲಸ. ಚಕ್ಕೆಯಲ್ಲಿ ಅಳತೆಯೂ ಇಲ್ಲ, ವಿಳಾಸವೂ ಇಲ್ಲ.

ಮೊದಲಿಗೆ ಕುದಿಸುವ ವಿಚಾರವನ್ನೇ ತೆಗೆದುಕೊಳ್ಳಿ. ಕ್ಯಾಂಪ್ಟೊತೆಸಿನ್ ಆಗಲಿ ಪ್ಯಾಕ್ಲಿಟ್ಯಾಕ್ಸೆಲ್ ಆಗಲಿ ನೀರಿನಲ್ಲಿ ಕರಗುವುದಿಲ್ಲವೆಂದೇ ಹೇಳಬೇಕು. ಪ್ಯಾಕ್ಲಿಟ್ಯಾಕ್ಸೆಲ್ಲನ್ನು ಕರಗಿಸಲು ಹರಳೆಣ್ಣೆಯಿಂದ ತಯಾರಿಸಿದ ದ್ರಾವಕವೊಂದನ್ನು ಬಳಸುತ್ತಾರೆ. ಆ ದ್ರಾವಕ ಕೆಲವರಿಗೆ ಒಗ್ಗದೆ ಮೈ ಕೆಂಪಾಗಿ ಉಸಿರು ಕಟ್ಟುವ ಸಂಭವವಿರುವುದರಿಂದಲೇ ಡ್ರಿಪ್ ಶುರುಮಾಡುವ ಮೊದಲು ಅಮ್ಮನಿಗೆ ಎರಡು ಮೂರು ಇಂಜೆಕ್ಷನ್ ಕೊಡುವುದು. ಬಾಯಿಂದ ಕೊಟ್ಟರೆ ಕರುಳಿನ ಗೋಡೆಯ ಕೋಶಗಳೇ ಈ ಔಷಧವನ್ನು ಹಿಂದಕ್ಕೆ ತಳ್ಳುತ್ತವೆ, ರಕ್ತಕ್ಕೆ ಸೇರುವುದು ಅತ್ಯಲ್ಪ. ಹೀಗಿರುವಾಗ ಕಷಾಯದಲ್ಲಿ ಕ್ಯಾನ್ಸರಿಗೆ ಬೇಕಾದದ್ದು ಎಷ್ಟು ಇಳಿಯಿತು, ಬೇಡವಾದದ್ದು ಎಷ್ಟು ಇಳಿಯಿತು ಎಂದು ಹೇಳಬಲ್ಲವರು ಯಾರು? ದುರ್ವಾಸನೆ ಮರದ ಮೇಲೆ ನಡೆದ ಅಧ್ಯಯನಗಳಲ್ಲಿ ಒಂದು ಮರಕ್ಕೂ ಇನ್ನೊಂದು ಮರಕ್ಕೂ ಕ್ಯಾಂಪ್ಟೊತೆಸಿನ್ ಅಂಶದಲ್ಲಿ ಹಲವು ಪಟ್ಟು ವ್ಯತ್ಯಾಸ ಕಂಡುಬಂದಿದೆ. ಹೋದ ವಾರದ ಚಕ್ಕೆಯೂ ಈ ವಾರದ ಚಕ್ಕೆಯೂ ಒಂದೇ ಆಗಿರಬೇಕಿಲ್ಲ.

ಅಳತೆಯ ಮಹತ್ವವನ್ನು ಅಡಿಕೆ ತೋಟದವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಕೊಳೆಗೆ ಬೋರ್ಡೋ ಹೊಡೆಯುವಾಗ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಎಂದು ತೂಗಿಯೇ ಹಾಕುತ್ತೀರಿ. ಆದರೂ ಕಬ್ಬಿಣದ ಕತ್ತಿ ಅದ್ದಿ, ಅಲಗಿನ ಮೇಲೆ ತಾಮ್ರದ ಕೆಂಪು ಕೂರುತ್ತದೆಯೇ ಎಂದು ನೋಡಿ, ಕೂತರೆ ಇನ್ನಷ್ಟು ಸುಣ್ಣ ಸೇರಿಸುತ್ತೀರಿ. ಅಡಿಕೆ ಗೊನೆಗೆ ಹೊಡೆಯುವ ಔಷಧಿಗೇ ಇಷ್ಟು ಪರೀಕ್ಷೆ ಇರುವಾಗ ಅಮ್ಮನ ಒಡಲಿಗೆ ‘ಒಂದು ಹಿಡಿ ಚಕ್ಕೆ, ಎರಡು ಲೋಟ ನೀರು’ ಎಂಬ ಲೆಕ್ಕ ಸಾಲದು. ಆಸ್ಪತ್ರೆಯಲ್ಲಿ ಅಮ್ಮನ ಎತ್ತರ, ತೂಕ ನೋಡಿ ಮೈಯ ವಿಸ್ತೀರ್ಣ ಲೆಕ್ಕಹಾಕುತ್ತಾರೆ, ಅದು 1.5 ಚದರ ಮೀಟರ್ ಎಂದಾದರೆ, ವಾರದ ಪ್ರಮಾಣ ಚದರ ಮೀಟರಿಗೆ 80 ಮಿಲಿಗ್ರಾಮಿನಂತೆ 120 ಮಿಲಿಗ್ರಾಂ. ಅದನ್ನು ಸುಮಾರು ಒಂದು ಗಂಟೆಯಲ್ಲಿ ಇಳಿಸುತ್ತಾರೆ. ಜೋಮು ಹೆಚ್ಚಾದರೆ ಆ ಪ್ರಮಾಣವನ್ನು ಕಡಿಮೆ ಮಾಡಲೂ ಬರುತ್ತದೆ.

ಇನ್ನು ಆ ಚಕ್ಕೆ ಯಾವ ಮರದ್ದು ಎಂಬುದು. ನಿಮ್ಮ ಪತ್ರದಲ್ಲಿ ಅದರ ಹೆಸರಿಲ್ಲ, ಪ್ರಾಯಶಃ ಮಾವನಿಗೂ ತಿಳಿದಿರಲಿಕ್ಕಿಲ್ಲ. ಹೆಸರಿದ್ದರೂ ಎಡವಟ್ಟಾಗುತ್ತದೆ. ಕಾಶಿ ಕಣಗಿಲೆಯಿಂದ ಕ್ಯಾನ್ಸರ್ ಔಷಧಿ ಬರುತ್ತದೆಂದು ಕೇಳಿದವರು ಬರೀ ‘ಕಣಗಿಲೆ’ ಎಂದು ತಿಳಿದುಕೊಂಡರೆ ಏನಾಗುತ್ತದೆಂದು ಯೋಚಿಸಿ. ದೇವರ ಪೂಜೆಗೆ ಕೊಯ್ಯುವ ಆ ಕಣಗಿಲೆಯ ಎಲೆ, ಬೇರು ಹೃದಯದ ಬಡಿತವನ್ನೇ ನಿಲ್ಲಿಸಬಲ್ಲ ವಿಷ. ಮಲೆನಾಡಿನಲ್ಲಿ ಹಾವಿನ ಔಷಧಿ ಎಂದು ಹೆಸರಾದ ಈಶ್ವರಿ ಬಳ್ಳಿಯ ಕುಲದ ಗಿಡಗಳಲ್ಲಿ ಅರಿಸ್ಟೊಲೋಕಿಕ್ ಆಮ್ಲವಿದೆ. ಅದು ಮೂತ್ರಪಿಂಡವನ್ನು ಕೆಡಿಸುತ್ತದೆ, ಮೂತ್ರನಾಳದ ಕ್ಯಾನ್ಸರನ್ನೂ ತರುತ್ತದೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಮಾತ್ರೆಗೆ ಒಂದು ಗಿಡದ ಬದಲು ಈ ಕುಲದ ಗಿಡ ಸೇರಿಹೋಗಿ ನೂರಕ್ಕೂ ಹೆಚ್ಚು ಹೆಣ್ಣುಮಕ್ಕಳು ಮೂತ್ರಪಿಂಡ ಕಳೆದುಕೊಳ್ಳುವ ಸ್ಥಿತಿಗೆ ಬಂದರು. ನಮ್ಮ ಬದುಕೇ ನಿಂತಿರುವ ಅಡಿಕೆಯನ್ನು ಅಗಿಯುವುದರಿಂದ ಬಾಯಿ ಕ್ಯಾನ್ಸರ್ ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ವರ್ಗೀಕರಿಸಿದೆ. ಅಡಿಕೆ ಬೆಳೆಯುವ ಮನೆಗಳ ನೋವು ನನಗೆ ಗೊತ್ತಿದ್ದೂ, ಬಾಯಿ ತೆರೆಯಲಾಗದೆ ಬಂದು ಕೂರುವವರನ್ನು ದಿನವೂ ನೋಡುವ ನಾನು ಇದನ್ನು ಮುಚ್ಚಿಡಲಾರೆ.

ವಾಟ್ಸಾಪಿನಲ್ಲಿ ಲಕ್ಷ್ಮಣಫಲದ ಸಂದೇಶವೂ ನಿಮಗೆ ಬಂದಿರಬಹುದು, ‘ಕೀಮೋಗಿಂತ 10,000 ಪಟ್ಟು ಬಲ’ ಎಂದು. ಆ ಅಂಕಿಯ ಹಿಂದೆ 1996ರ ಒಂದು ಪ್ರಯೋಗವಿದೆ. ಗಿಡದಿಂದ ಬೇರ್ಪಡಿಸಿದ ಶುದ್ಧ ಅಣುವೊಂದನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕರುಳಿನ ಕ್ಯಾನ್ಸರ್ ಕೋಶಗಳ ಮೇಲೆ ಹಾಕಿ ನೋಡಿದ್ದು ಅದು. ತಟ್ಟೆಯಲ್ಲಿ ಕೋಶ ಕೊಲ್ಲುವುದು ದೊಡ್ಡ ಸಂಗತಿಯಲ್ಲ. ಯಕೃತ್ತು, ನರ, ಹೃದಯ ಎಲ್ಲ ಇರುವ ಮನುಷ್ಯನಲ್ಲಿ ಕ್ಯಾನ್ಸರ್ ಕೋಶವನ್ನಷ್ಟೇ ಕೊಲ್ಲುವುದು ಕಷ್ಟದ ಕೆಲಸ. ಆ ಕುಲದ ಹಣ್ಣು, ಎಲೆಯ ಕಷಾಯಗಳನ್ನು ಹೇರಳವಾಗಿ ಬಳಸುವ ಕೆರಿಬಿಯನ್ ದ್ವೀಪವೊಂದರಲ್ಲಿ ಪಾರ್ಕಿನ್ಸನ್ ಹೋಲುವ ನರರೋಗಕ್ಕೂ ಅದಕ್ಕೂ ನಂಟಿರುವ ಸೂಚನೆಗಳು ಸಿಕ್ಕಿವೆ.

ಎರಡನ್ನೂ ಒಟ್ಟಿಗೆ ಕೊಡುವುದು ನಿಮಗೆ ಮಧ್ಯದ ದಾರಿಯಂತೆ ಕಾಣಬಹುದು. ನನ್ನ ಅನುಭವದಲ್ಲಿ ಹೆಚ್ಚು ಗೊಂದಲ ತರುವುದು ಇದೇ. ಪ್ಯಾಕ್ಲಿಟ್ಯಾಕ್ಸೆಲ್ ಒಡೆದು ಹೊರಹೋಗುವುದು ಯಕೃತ್ತಿನ ಕೆಲವು ಕಿಣ್ವಗಳ ಮೂಲಕ. ಗಿಡದ ವಸ್ತುಗಳಲ್ಲಿ ಕೆಲವು ಆ ಕಿಣ್ವಗಳನ್ನು ತಡೆಯುತ್ತವೆ, ಕೆಲವು ಚುರುಕುಗೊಳಿಸುತ್ತವೆ. ತಡೆದರೆ ಔಷಧ ರಕ್ತದಲ್ಲಿ ಏರಿ ಬಿಳಿಕಣ ಕುಸಿಯುತ್ತದೆ, ಜೋಮು ಹೆಚ್ಚುತ್ತದೆ. ಚುರುಕಾದರೆ ಔಷಧ ಬೇಗ ಕಳೆದುಹೋಗಿ ಚಿಕಿತ್ಸೆ ಸೊರಗುತ್ತದೆ, ಅದು ಯಾವ ರಿಪೋರ್ಟಿನಲ್ಲೂ ತೋರುವುದಿಲ್ಲ. ನಮ್ಮ ಕಾಳುಮೆಣಸಿನ ಪೈಪರಿನ್ ಎಷ್ಟು ಪ್ರಬಲವೆಂದು ತಿಳಿಯಲು ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನವನ್ನು ನೆನೆಯಬಹುದು. ಅರಿಶಿನದಲ್ಲಿರುವ ಕರ್ಕ್ಯುಮಿನ್ 2 ಗ್ರಾಂ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ರಕ್ತಕ್ಕೆ ಸೇರಿದ ಕರ್ಕ್ಯುಮಿನ್ 20 ಪಟ್ಟು ಹೆಚ್ಚಿತು. ಒಂದು ಗಿಡದ ವಸ್ತು ಇನ್ನೊಂದನ್ನು ಇಷ್ಟು ಏರಿಸಬಲ್ಲುದಾದರೆ, ಅಳೆದು ಕೊಡುವ ಕೀಮೋ ಔಷಧದ ಮೇಲೂ ಅಂಥ ಪರಿಣಾಮವಾಗಬಹುದೆಂಬ ಎಚ್ಚರ ಬೇಕು.

ಕೆಲವು ವರ್ಷಗಳ ಹಿಂದಿನ ಮಾತು. ಪ್ರತಿ ವಾರ ತಪ್ಪದೆ ಬರುತ್ತಿದ್ದ ಒಬ್ಬ ತಾಯಿಯ ರಕ್ತಪರೀಕ್ಷೆಯಲ್ಲಿ ಯಕೃತ್ತಿನ ಹಾನಿ ತೋರಿಸುವ ಎಸ್‌ಜಿಪಿಟಿ ಇದ್ದಕ್ಕಿದ್ದಂತೆ ಏರಿತು. ಕೀಮೋ ಮುಂದೂಡಿದೆ. ಕಾಮಾಲೆಯ ಪರೀಕ್ಷೆ ಮಾಡಿಸಿದೆ, ಸ್ಕ್ಯಾನ್ ಮಾಡಿಸಿದೆ, ಕಾಯಿಲೆ ಯಕೃತ್ತಿಗೆ ಹರಡಿತೇ ಎಂದು ಆ ಮನೆಯವರನ್ನೂ ಹೆದರಿಸಿದೆ. ಮೂರನೇ ವಾರ ಅವರ ಸೊಸೆ ಬ್ಯಾಗಿನ ತಳದಿಂದ ಗಂಟು ಕಟ್ಟಿದ ಒಂದು ಬಟ್ಟೆ ತೆಗೆದು ಮೇಜಿನ ಮೇಲಿಟ್ಟರು. ಒಳಗೆ ಅಮೃತಬಳ್ಳಿಯ ತುಂಡುಗಳ ಜೊತೆ ಗುರುತು ಸಿಗದ ಇನ್ನೂ ಮೂರು ಬಗೆಯ ತೊಗಟೆ. ಅಮೃತಬಳ್ಳಿಯಿಂದಲೇ ಕೆಲವರ ಯಕೃತ್ತಿಗೆ ಪೆಟ್ಟಾದದ್ದನ್ನು ಕೊರೋನಾ ಕಾಲದಲ್ಲಿ ನಮ್ಮ ದೇಶದ ಯಕೃತ್ತಿನ ತಜ್ಞರು ವರದಿ ಮಾಡಿದ್ದಾರೆ. ನಿಲ್ಲಿಸಿದ ಮೇಲೆ ಆ ತಾಯಿಯ ಯಕೃತ್ತು ಸರಿಯಾಯಿತು. ಆದರೆ ಅವರು ಮೊದಲೇ ಯಾಕೆ ಹೇಳಲಿಲ್ಲ ಎಂಬುದಕ್ಕೆ ಕಾರಣ ನಾನೇ. ಮೊದಲ ಭೇಟಿಯಲ್ಲಿ ಅವರ ಮುಂದೆಯೇ ಇನ್ನೊಬ್ಬ ರೋಗಿಯನ್ನು ನಾಟಿ ಔಷಧಿ ತೆಗೆದುಕೊಂಡದ್ದಕ್ಕೆ ಗದರಿದ್ದೆ. ಆ ತಪ್ಪು ನನ್ನದು. ಅಂದಿನಿಂದ ‘ನಾಟಿ ಔಷಧಿ ತಗೊಂಡಿದ್ದೀರಾ’ ಎಂದು ಕೇಳುವುದನ್ನು ಬಿಟ್ಟೆ. ‘ಬೆಳಿಗ್ಗೆ ಎದ್ದಾಗಿಂದ ಮಲಗುವವರೆಗೆ ಅಮ್ಮ ಏನೇನು ಕುಡಿಯುತ್ತಾರೆ ಹೇಳಿ’ ಎಂದು ಕೇಳುತ್ತೇನೆ. ಎಲ್ಲವೂ ಹೊರಗೆ ಬರುತ್ತದೆ.

ಡ್ರಿಪ್ ಪೂರ್ತಿ ಬಿಟ್ಟು ಚಕ್ಕೆಯನ್ನಷ್ಟೇ ನೆಚ್ಚಿಕೊಂಡರೆ ಏನಾಗುತ್ತದೆ ಎಂದು ನೀವು ಕೇಳಿಲ್ಲ, ಆದರೆ ಮನೆಯಲ್ಲಿ ಆ ಮಾತು ಬಂದೇ ಬರುತ್ತದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವೈದ್ಯರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗುಣವಾಗಬಲ್ಲ ಹಂತದಲ್ಲಿದ್ದೂ ಆಧುನಿಕ ಚಿಕಿತ್ಸೆ ಬಿಟ್ಟು ಪರ್ಯಾಯವನ್ನಷ್ಟೇ ಆರಿಸಿಕೊಂಡ ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಸಾವಿನ ಅಪಾಯ ಐದು ಪಟ್ಟಿಗೂ ಹೆಚ್ಚಿತ್ತು. ಅದು ಹಿಂದಿನ ದಾಖಲೆಗಳನ್ನು ನೋಡಿ ಮಾಡಿದ ಲೆಕ್ಕ, ಚೀಟಿ ಎತ್ತಿ ಹಂಚಿ ಮಾಡಿದ ಪ್ರಯೋಗವಲ್ಲ, ಆದ್ದರಿಂದ ಅಂಕಿಯನ್ನು ಅಕ್ಷರಶಃ ಹಿಡಿಯಬೇಕಿಲ್ಲ. ಆದರೆ ದಿಕ್ಕು ಸ್ಪಷ್ಟವಾಗಿದೆ. ಇನ್ನೊಂದು ಪಕ್ಕದಲ್ಲಿ ಅಮ್ಮನಿಗೆ ಈಗ ನಡೆಯುತ್ತಿರುವ ಚಿಕಿತ್ಸೆಯನ್ನೇ ಇಟ್ಟು ನೋಡಿ. ಗಡ್ಡೆ 3 ಸೆಂಟಿಮೀಟರಿನೊಳಗಿದ್ದು, ಗ್ರಂಥಿಗಳಿಗೆ ಹರಡದ ಹರ್-2 ಪಾಸಿಟಿವ್ ಕಾಯಿಲೆಯ 406 ರೋಗಿಗಳಿಗೆ ಇದೇ 12 ವಾರದ ಪ್ಯಾಕ್ಲಿಟ್ಯಾಕ್ಸೆಲ್, ಒಂದು ವರ್ಷದ ಟ್ರಾಸ್ಟುಜುಮ್ಯಾಬ್ ಕೊಟ್ಟ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಮೂರು ವರ್ಷದ ಕೊನೆಗೆ ಅವರಲ್ಲಿ ನೂರಕ್ಕೆ 98ಕ್ಕೂ ಹೆಚ್ಚು ಮಂದಿ ಕಾಯಿಲೆ ಮರಳದೆ ಬದುಕಿದ್ದರು. ಅಮ್ಮನ ಕಾಯಿಲೆ ಅಂಥದ್ದೇ. ಇನ್ನು ಉಳಿದಿರುವುದು ಏಳು ವಾರದ ಪ್ಯಾಕ್ಲಿಟ್ಯಾಕ್ಸೆಲ್. ನಿಮ್ಮ ಮಾವನ ಮುಂದೆ ಈ ಒಂದು ಅಂಕಿಯನ್ನಾದರೂ ಇಡಿ.

ಬೆರಳಿನ ಜೋಮನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಗುಂಡಿ ಹಾಕಲು ಆಗುತ್ತಿಲ್ಲ ಎಂಬುದನ್ನು ಈ ವಾರವೇ ವೈದ್ಯರಿಗೆ ಹೇಳಿ, ಇದೇ ಮಾತುಗಳಲ್ಲಿ ಹೇಳಿ. ‘ಸ್ವಲ್ಪ ಜೋಮು’ ಎಂದರೆ ಅವರು ಒಂದು ರೀತಿ ಅರ್ಥಮಾಡಿಕೊಳ್ಳುತ್ತಾರೆ, ‘ಗುಂಡಿ ಹಾಕಲಾಗುತ್ತಿಲ್ಲ’ ಎಂದರೆ ಪ್ರಮಾಣ ಇಳಿಸುವುದೋ ಒಂದು ವಾರ ಬಿಡುವುದೋ ಎಂದು ಯೋಚಿಸುತ್ತಾರೆ. ಉರಿ, ನೋವು ಇದ್ದರೆ ಡುಲೊಕ್ಸೆಟಿನ್ ಎಂಬ ಮಾತ್ರೆ ಕೆಲವರಿಗೆ ಸಹಾಯ ಮಾಡುತ್ತದೆ. ಅಂಗಡಿಯಲ್ಲಿ ನರದ ಶಕ್ತಿಗೆಂದು ಸಿಗುವ ಮಾತ್ರೆಗಳನ್ನು ಕೇಳದೆ ಕೊಡಬೇಡಿ. ಅಂಥ ಒಂದು ವಸ್ತುವಾದ ಅಸಿಟೈಲ್ ಕಾರ್ನಿಟೀನ್ ಇದೇ ಬಗೆಯ ಕೀಮೋ ಪಡೆಯುತ್ತಿದ್ದವರಲ್ಲಿ ಜೋಮನ್ನು ಹೆಚ್ಚಿಸಿದ್ದು ದೊಡ್ಡ ಅಧ್ಯಯನವೊಂದರಲ್ಲಿ ಕಂಡಿದೆ. ಕೊಯ್ಲಿನ ಕಾಲವಾದರೆ ಅಮ್ಮ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂರದಂತೆ ನೋಡಿಕೊಳ್ಳಿ. ಸ್ಪರ್ಶವಿಲ್ಲದ ಬೆರಳಿಗೆ ಅಲಗು ತಾಗಿದ್ದು ರಕ್ತ ಕಂಡ ಮೇಲೆಯೇ ಗೊತ್ತಾಗುತ್ತದೆ, ಬಿಳಿಕಣ ಕಡಿಮೆ ಇರುವ ದಿನಗಳಲ್ಲಿ ಸಣ್ಣ ಗಾಯವೂ ಕೀವಾಗುತ್ತದೆ. ಬಚ್ಚಲ ಹಂಡೆಯ ಬಿಸಿನೀರನ್ನು ಬೇರೆಯವರು ಹದ ನೋಡಿ ಕೊಡಲಿ. ಜ್ವರ 100.4 ಡಿಗ್ರಿ ದಾಟಿದರೆ ಮಳೆಗಾಲದ ನಡುರಾತ್ರಿಯಾದರೂ ಬೆಳಗಾಗಲೆಂದು ಕಾಯಬೇಡಿ, ಹೊರಡಿ.

ಊಟದಲ್ಲಿ ಅರಿಶಿನ, ಮೆಣಸು, ಜೀರಿಗೆ ಎಂದಿನಂತೆ ಇರಲಿ. ಸಾರಿಗೆ ಹಾಕುವ ಪ್ರಮಾಣದಿಂದ ತೊಂದರೆಯಿಲ್ಲ. ಬೇಡವೆನ್ನುವುದು ಕರ್ಕ್ಯುಮಿನ್ ಮಾತ್ರೆ, ಮೆಣಸಿನ ಸತ್ವ, ಸೊಪ್ಪಿನ ಗಟ್ಟಿ ರಸಗಳನ್ನು. ತಂಬುಳಿ ಮಾಡುವುದಾದರೆ ಸೊಪ್ಪನ್ನು ಚೆನ್ನಾಗಿ ತೊಳೆದು, ಬಾಡಿಸಿ ಮಾಡಿ. ಬಾಯಿರುಚಿ, ನಿದ್ದೆ, ಮಲಬದ್ಧತೆಗೆ ಆಯುರ್ವೇದ ಓದಿದ ವೈದ್ಯರ ಸಲಹೆ ಬೇಕೆನಿಸಿದರೆ ನನ್ನ ಅಡ್ಡಿಯಿಲ್ಲ, ಕೀಮೋದ ಚೀಟಿ ಅವರ ಕೈಯಲ್ಲಿರಲಿ, ಅವರ ಚೀಟಿ ಕೀಮೋ ವೈದ್ಯರ ಕೈಯಲ್ಲಿರಲಿ. ಪ್ಯಾಕ್ಲಿಟ್ಯಾಕ್ಸೆಲ್ ಮುಗಿದ ಮೇಲೂ ಟ್ರಾಸ್ಟುಜುಮ್ಯಾಬ್ ಮುಂದುವರಿಯುವುದರಿಂದ ಇದೇ ಎಚ್ಚರ ವರ್ಷಪೂರ್ತಿ ಬೇಕು. ಆ ಔಷಧ ಹೃದಯದ ಪಂಪನ್ನು ಸಡಿಲಗೊಳಿಸಬಹುದು, ಅದಕ್ಕೇ ಮೂರು ತಿಂಗಳಿಗೊಮ್ಮೆ ಎಕೋ ಮಾಡಿಸುತ್ತಾರೆ. ಅದನ್ನು ತಪ್ಪಿಸಬೇಡಿ. ಈಗಿನ ವೈದ್ಯರ ಮೇಲೆ ಮನೆಯವರಿಗೆ ಪೂರ್ತಿ ಭರವಸೆ ಕೂರದಿದ್ದರೆ, ರಿಪೋರ್ಟುಗಳನ್ನು ತೆಗೆದುಕೊಂಡು ಹೋಗಿ ಬೆಂಗಳೂರಿನ ಕಿದ್ವಾಯಿಯಂಥ ಕಡೆ ಇನ್ನೊಬ್ಬರ ಅಭಿಪ್ರಾಯ ಕೇಳುವುದು ನಿಮ್ಮ ಹಕ್ಕು. ಆ ಓಡಾಟದಲ್ಲಿ ವಾರದ ಡ್ರಿಪ್ ತಪ್ಪದಿರಲಿ.

ಮಾವನ ಮನಸ್ಸು ನೋಯಿಸಬೇಡಿ. ಅವರು ತಂಗಿಯ ಮೇಲಿನ ಅಕ್ಕರೆಯಿಂದಲೇ ದಾರಿ ನಡೆದು ಅದನ್ನು ತಂದಿದ್ದಾರೆ. ಮುಂದಿನ ವಾರ ಆಸ್ಪತ್ರೆಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ, ಚಕ್ಕೆಯ ಪೊಟ್ಟಣವನ್ನು ಬ್ಯಾಗಿನ ಮೇಲ್ಭಾಗದಲ್ಲಿಟ್ಟುಕೊಳ್ಳಿ, ವೈದ್ಯರ ಮುಂದೆ ಕೂತ ಕೂಡಲೇ ಮೊದಲು ಅದನ್ನೇ ತೆಗೆದು ಮೇಜಿನ ಮೇಲಿಡಿ. ಅಮ್ಮ ಈಗಾಗಲೇ ಒಂದೆರಡು ಹೊತ್ತು ಕುಡಿದಿದ್ದರೆ ಅದನ್ನೂ ಹೇಳಿ, ಅಂದಿನ ಡ್ರಿಪ್ ಏರಿಸುವ ಮೊದಲೇ ಯಕೃತ್ತಿನ ಪರೀಕ್ಷೆ ಮಾಡಿಸಿಕೊಳ್ಳಬಹುದು.